ಕೆಟ್ಟ ಗೇಮ್ ಕಂಟ್ರೋಲರ್ ಮತ್ತು ಗ್ರಾಹಕ ಆಯೋಗ: ತುಮಕೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಡಿಯೊ ಗೇಮ್ ಆಡಲು ಕೈಯಲ್ಲಿ ಹಿಡಿಯುವ, ಆರು ಸಾವಿರ ರೂಪಾಯಿ ಕೊಟ್ಟು ತಂದ ಕಂಟ್ರೋಲರ್ ಎಂಟು ತಿಂಗಳಿಗೇ ಕೈಕೊಟ್ಟರೆ ಬಹಳಷ್ಟು ಜನ ಸರ್ವಿಸ್ ಸೆಂಟರ್‌ಗೆ ಎರಡು ಸಲ ಅಲೆದು, ಬೇಸತ್ತು, ಇನ್ನೊಂದು ಕೊಂಡುಬಿಡುತ್ತಾರೆ. ಇಷ್ಟು ಸಣ್ಣ ಮೊತ್ತಕ್ಕೆ ಕೋರ್ಟು ಕಚೇರಿ ಯಾಕೆ ಎಂಬ ಹಿಂಜರಿಕೆ ಅದು. ಆದರೆ ಗ್ರಾಹಕ ಆಯೋಗ ಇರುವುದೇ ಇಂಥ ಮೊತ್ತಗಳಿಗಾಗಿ. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕನ್ನಡದಲ್ಲೇ ಬರೆದುಕೊಡಬಹುದು. ಸೋಲುವವರು ಹೆಚ್ಚಾಗಿ ಸೋಲುವುದು ಕಾನೂನಿನಿಂದಲ್ಲ, ತಾರೀಖು ಇರುವ ಕಾಗದ ಕೈಯಲ್ಲಿಲ್ಲದೆ.

ಸ್ಟಿಕ್ ಡ್ರಿಫ್ಟ್ ಅಂದರೇನು? ಅದು ದೋಷವೋ, ಬಳಸಿ ಸವೆದದ್ದೋ?

ಕೈ ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿ ನಡೆಯುವುದು, ಕ್ಯಾಮೆರಾ ಒಂದೇ ಕಡೆಗೆ ತಿರುಗುತ್ತಲೇ ಇರುವುದು ಡ್ರಿಫ್ಟ್. ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ನ ಕೆಳಗೆ ಎರಡು ಪೊಟೆನ್ಷಿಯೋಮೀಟರ್‌ಗಳಿವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಗೆ. ಪ್ರತಿಯೊಂದರಲ್ಲೂ ಕಾರ್ಬನ್ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಗೆ ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಕಂಟ್ರೋಲರ್‌ನೊಳಗಿನ ಚಿಪ್ ಆ ವೋಲ್ಟೇಜನ್ನು ಓದಿ ಕನ್ಸೋಲ್‌ಗೆ, ಅಂದರೆ ಆಟ ನಡೆಸುವ ಯಂತ್ರಕ್ಕೆ, ತಿಳಿಸುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಎದ್ದ ಕಪ್ಪು ಪುಡಿ ಅಲ್ಲೇ ಕೂರುತ್ತದೆ, ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗ್ ಸಡಿಲವಾಗುತ್ತದೆ. ಆಗ ಸ್ಟಿಕ್ ನಡುವೆ ನಿಂತಿದ್ದರೂ ವೋಲ್ಟೇಜ್ ನಡುವಿನದ್ದಾಗಿರುವುದಿಲ್ಲ. ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲ್‌ನ ಜಾಯ್‌ಕಾನ್ ಕಂಟ್ರೋಲರ್‌ನಲ್ಲಿ ಭಾಗಗಳು ಚಪ್ಪಟೆಯಾಗಿದ್ದರೂ ಉಜ್ಜುವ ತತ್ವ ಅದೇ.

‘ನೀವೇ ಬಳಸಿ ಸವೆಸಿದ್ದೀರಿ’ ಎಂಬುದು ಎದುರುದಾರರ, ಅಂದರೆ ನೀವು ಯಾರ ಮೇಲೆ ದೂರು ಕೊಡುತ್ತೀರೋ ಅವರ, ಮೊದಲ ವಾದವಾಗಿರುತ್ತದೆ, ಹಾಗಾಗಿ ಈ ರಚನೆ ತಿಳಿದಿರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(10)ರ ಪ್ರಕಾರ ಕಾನೂನು, ಕರಾರು ಅಥವಾ ಮಾರಾಟಗಾರರ ಹೇಳಿಕೆಯಂತೆ ಇರಬೇಕಾದ ಗುಣಮಟ್ಟದಲ್ಲಿ ಯಾವುದೇ ಕೊರತೆಯಿದ್ದರೂ ಅದು ದೋಷ. ಐಫಿಕ್ಸಿಟ್ ಸಂಸ್ಥೆ 2021ರಲ್ಲಿ ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರನ್ನು ಬಿಚ್ಚಿ ನೋಡಿ, ಅದರ ಸ್ಟಿಕ್ ಭಾಗದ ಬಾಳಿಕೆ 20 ಲಕ್ಷ ಚಲನೆಗಳೆಂದೂ, ಬಿರುಸಿನ ಶೂಟಿಂಗ್ ಆಟದಲ್ಲಿ ಅದು 417 ಗಂಟೆಯಲ್ಲಿ ಮುಗಿಯಬಹುದೆಂದೂ ಲೆಕ್ಕ ಹಾಕಿತು. ದಿನಕ್ಕೆ 2 ಗಂಟೆ ಆಡುವವರಿಗೆ ಅದು ಏಳು ತಿಂಗಳು. ಉಜ್ಜುವ ಭಾಗವೇ ಇಲ್ಲದೆ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್ ಸ್ಟಿಕ್ 1998ರ ಸೆಗಾ ಡ್ರೀಮ್‌ಕಾಸ್ಟ್‌ನಲ್ಲೇ ಇತ್ತು. ಹಾಗಾಗಿ ‘ಸವೆಯುವುದು ಸಹಜ’ ಎಂದವರನ್ನು ಕೇಳಬೇಕಾದದ್ದು ಒಂದೇ: ಒಂದು ವರ್ಷದ ವಾರಂಟಿ ಕೊಟ್ಟು ಮಾರಿದ ವಸ್ತು ಸಹಜ ಬಳಕೆಯಲ್ಲಿ ಆ ಒಂದು ವರ್ಷ ಬಾಳಬೇಡವೇ?

ಬಿದ್ದು ಒಡೆದದ್ದು, ಕಾಫಿ ಚೆಲ್ಲಿದ್ದು, ಸಿಟ್ಟಿನಲ್ಲಿ ಎಸೆದದ್ದು ದೋಷವಲ್ಲ. ಅಂಥದ್ದಿದ್ದರೆ ದೂರು ಕೊಡಬೇಡಿ. ಪರೀಕ್ಷೆಗೆ ಕಳಿಸಿದಾಗ ಸಿಕ್ಕಿಬೀಳುತ್ತದೆ.

ದೋಷವನ್ನು ತೋರಿಸಿಕೊಡುವುದು ಹೇಗೆ?

ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಿ. ಕಂಟ್ರೋಲರ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ರೀಸೆಟ್ ಮಾಡಿ. ನಿಂಟೆಂಡೊ ಸ್ವಿಚ್ ಆದರೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಸ್ಟಿಕ್ ಕ್ಯಾಲಿಬ್ರೇಷನ್ ಮಾಡಿ. ಇನ್ನೊಂದು ಆಟದಲ್ಲಿ, ಸಾಧ್ಯವಾದರೆ ಇನ್ನೊಂದು ಕನ್ಸೋಲ್‌ನಲ್ಲೂ ಆಡಿ ನೋಡಿ. ಬ್ಲೂಟೂತ್ ತೊಂದರೆಯಿಂದಲೂ ಪಾತ್ರ ತಡೆದು ತಡೆದು ನಡೆಯಬಹುದು, ಆದ್ದರಿಂದ ಒಮ್ಮೆ ಕೇಬಲ್ ಹಾಕಿ ಪರೀಕ್ಷಿಸಿ.

ಆಮೇಲೆ ವಿಡಿಯೊ. ವಿಂಡೋಸ್ ಕಂಪ್ಯೂಟರಿಗೆ ಕೇಬಲ್‌ನಿಂದ ಜೋಡಿಸಿ, ರನ್ ಕಿಟಕಿಯಲ್ಲಿ ‘ಜಾಯ್ ಡಾಟ್ ಸಿಪಿಎಲ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್ ಕಿಟಕಿ ತೆರೆಯುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಸ್ಟಿಕ್ ಎಲ್ಲಿದೆ ಎಂದು ಒಂದು ಗುರುತು ತೋರಿಸುತ್ತದೆ. ಬ್ರೌಸರ್‌ನಲ್ಲಿ ಓಡುವ ಗೇಮ್‌ಪ್ಯಾಡ್ ಟೆಸ್ಟರ್‌ಗಳು ಅದನ್ನೇ ಅಂಕಿಯಲ್ಲಿ ಕೊಡುತ್ತವೆ: ಪೂರ್ತಿ ಎಡಕ್ಕೆ ಮೈನಸ್ 1, ಪೂರ್ತಿ ಬಲಕ್ಕೆ 1, ನಡುವೆ 0. ಸ್ಟಿಕ್ ಮುಟ್ಟದೆ ಇದ್ದಾಗ 0.05ರೊಳಗೆ ಅಲುಗಾಡುವುದು ಸಾಮಾನ್ಯ, ಆಟಗಳು ಅಷ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 0.15, 0.2 ಎಂದು ನಿಂತೇಬಿಟ್ಟರೆ ಡ್ರಿಫ್ಟ್.

ವಿಡಿಯೊ ಕತ್ತರಿಸದೆ ಒಂದೇ ಸಲಕ್ಕೆ ತೆಗೆಯಿರಿ, ಎರಡು ಮೂರು ನಿಮಿಷ ಸಾಕು. ಮೊದಲು ಕಂಟ್ರೋಲರ್‌ನ ಸೀರಿಯಲ್ ನಂಬರ್, ಬಳಿಕ ಬಿಲ್ಲು, ಅದೇ ನಂಬರ್ ಇರುವ ಬಾಕ್ಸ್, ಅನಂತರ ಮೇಜಿನ ಮೇಲಿಟ್ಟ ಕಂಟ್ರೋಲರ್ ಮತ್ತು ಪರದೆ ಎರಡೂ ಒಂದೇ ಚೌಕಟ್ಟಿನಲ್ಲಿ. ಪರದೆಯ ಮೂಲೆಯಲ್ಲಿ ದಿನಾಂಕ, ಸಮಯ ಕಾಣಲಿ. ಸೀರಿಯಲ್ ನಂಬರ್ ಕಾಣದ ವಿಡಿಯೊಗೆ ‘ಇದು ಬೇರೆ ಕಂಟ್ರೋಲರ್’ ಎಂಬ ಒಂದೇ ತಕರಾರು ಸಾಕು. ಹದಿನೈದು ದಿನ ಬಿಟ್ಟು ಇನ್ನೊಂದು ವಿಡಿಯೊ ತೆಗೆದರೆ ದೋಷ ಹೆಚ್ಚುತ್ತಿರುವುದೂ ದಾಖಲಾಗುತ್ತದೆ. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಕುಗ್ಗಿದ ಪ್ರತಿ, ಅದರಲ್ಲಿ ಮೂಲ ಮಾಹಿತಿ ಅಳಿಸಿಹೋಗಿರುತ್ತದೆ.

ವಿಡಿಯೊ, ಸ್ಕ್ರೀನ್‌ಶಾಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63(4)ರ ಪ್ರಮಾಣಪತ್ರ ಸೇರಿಸಿ; ಆ ದಾಖಲೆ ಯಾವ ಸಾಧನದಿಂದ ಹೇಗೆ ಬಂತೆಂದು ದೃಢಪಡಿಸುವ ಪತ್ರ ಅದು. 1 ಜುಲೈ 2024ಕ್ಕೆ ಮೊದಲು ಇದೇ ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ಪ್ರಮಾಣಪತ್ರವಾಗಿತ್ತು. ಗ್ರಾಹಕ ಆಯೋಗ ಸಾಕ್ಷ್ಯ ಕಾಯ್ದೆಯನ್ನು ಸಿವಿಲ್ ಕೋರ್ಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದರೂ ಒಂದು ತಕರಾರಿಗೆ ಮುಂಚೆಯೇ ಬಾಗಿಲು ಹಾಕಿದಂತೆ.

ನಾವೇ ಬಿಚ್ಚಿ ಕ್ಲೀನ್ ಮಾಡಬಹುದೇ?

ದೂರು ಕೊಡುವ ಯೋಚನೆ ಇದ್ದರೆ ಬೇಡ. ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟರೆ ಕೆಲವು ವಾರ ಸರಿಹೋದಂತೆ ಕಾಣುತ್ತದೆ, ಏಕೆಂದರೆ ಪುಡಿ ಜಾರುತ್ತದೆ. ಸವೆದ ಪಟ್ಟಿ ಮಾತ್ರ ಹಾಗೆಯೇ ಇರುತ್ತದೆ. ಅಷ್ಟರಲ್ಲಿ ನೀವು ವಾರಂಟಿ ಸೀಲ್ ಒಡೆದಿರುತ್ತೀರಿ, ಸ್ಕ್ರೂ ತಲೆ ಗೀಚಿರುತ್ತೀರಿ, ‘ಹೊರಗಿನವರು ಕೈ ಹಾಕಿದ್ದಾರೆ’ ಎಂಬ ವಾದವನ್ನು ನೀವೇ ಒದಗಿಸಿರುತ್ತೀರಿ. ಕ್ಯಾತ್ಸಂದ್ರದ ಮೊಬೈಲ್ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಮುಗಿಯುವ ಕೆಲಸ ಎನಿಸಿದರೂ ಕೇಸು ಮುಗಿಯುವ ತನಕ ತಡೆಯಿರಿ.

ಅಮೆರಿಕದಲ್ಲಿ ಇದಕ್ಕೆ ದೊಡ್ಡ ಕೇಸುಗಳಾಗಿವೆಯಂತೆ. ನಾವೂ ಅದರಲ್ಲಿ ಸೇರಬಹುದೇ?

ಇಲ್ಲ. ಜಾಯ್‌ಕಾನ್ ಡ್ರಿಫ್ಟ್ ಕುರಿತು ನಿಂಟೆಂಡೊ ಆಫ್ ಅಮೆರಿಕ ವಿರುದ್ಧ 2019ರ ಜುಲೈನಲ್ಲಿ, ಎಕ್ಸ್‌ಬಾಕ್ಸ್ ಕಂಟ್ರೋಲರ್ ಕುರಿತು ಮೈಕ್ರೋಸಾಫ್ಟ್ ವಿರುದ್ಧ 2020ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಲಾಯಿತು. ಡ್ಯುಯಲ್‌ಸೆನ್ಸ್ ಕುರಿತು ಸೋನಿ ವಿರುದ್ಧ 2021ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ. ಅವು ಅಲ್ಲಿನ ಖರೀದಿದಾರರಿಗೆ ಅಲ್ಲಿನ ಕಾನೂನಿನಡಿ ನಡೆದವು. ಅವುಗಳಿಗೆ ದೊಡ್ಡ ಅಡ್ಡಿಯಾದದ್ದು ಬಳಕೆಯ ಷರತ್ತುಗಳಲ್ಲಿದ್ದ ಆರ್ಬಿಟ್ರೇಷನ್ ಕರಾರು, ಅಂದರೆ ಜಗಳವನ್ನು ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ ಬಗೆಹರಿಸಿಕೊಳ್ಳಬೇಕೆಂಬ ಒಪ್ಪಂದ. ನಿಂಟೆಂಡೊ ಪ್ರಕರಣವನ್ನು 2020ರ ಮಾರ್ಚ್‌ನಲ್ಲಿ ಕೋರ್ಟು ಆರ್ಬಿಟ್ರೇಷನ್‌ಗೇ ಕಳಿಸಿತು. ಯುರೋಪಿನ ದಾರಿ ಬೇರೆ: ಅಲ್ಲಿನ ಗ್ರಾಹಕ ಸಂಘಟನೆಗಳ ಒಕ್ಕೂಟ 2021ರ ಜನವರಿಯಲ್ಲಿ ಸುಮಾರು 25,000 ಬಳಕೆದಾರರ ದೂರುಗಳೊಂದಿಗೆ ಯುರೋಪಿಯನ್ ಕಮಿಷನ್‌ಗೆ ಹೋಯಿತು. 2023ರಲ್ಲಿ ನಿಂಟೆಂಡೊ ಅಲ್ಲಿ ವಾರಂಟಿ ಮುಗಿದ ಮೇಲೂ ಜಾಯ್‌ಕಾನ್ ಡ್ರಿಫ್ಟ್‌ಗೆ ಉಚಿತ ರಿಪೇರಿ ಪ್ರಕಟಿಸಿತು.

ಅಮೆರಿಕದವರನ್ನು ತಡೆದ ಆ ಗೋಡೆ ನಮ್ಮಲ್ಲಿಲ್ಲ. ಆರ್ಬಿಟ್ರೇಷನ್ ಕರಾರು ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ. ಬಾಕ್ಸಿನೊಳಗಿನ ಸಣ್ಣಕ್ಷರದ ಚೀಟಿ ತೋರಿಸಿ ‘ನೀವು ಒಪ್ಪಿದ್ದೀರಿ’ ಎಂದವರಿಗೆ ಇದನ್ನು ಉಲ್ಲೇಖಿಸಿ. ವಿದೇಶದ ಆ ದೂರುಗಳನ್ನು ನಿಮ್ಮ ದೂರಿನಲ್ಲಿ ಒಂದೆರಡು ಸಾಲಿನಲ್ಲಿ ಹೇಳಬಹುದು, ಸಮಸ್ಯೆ ನಿಮ್ಮೊಬ್ಬರದ್ದಲ್ಲ ಎಂದು ತೋರಿಸಲು. ಅದರ ಮೇಲೇ ಕೇಸು ಕಟ್ಟಬೇಡಿ. ಆಯೋಗ ನೋಡುವುದು ನಿಮ್ಮ ಕಂಟ್ರೋಲರನ್ನು.

ಹತ್ತಾರು ಜನ ಸೇರಿ ಒಟ್ಟಿಗೆ ಕೇಸು ಹಾಕಬಹುದೇ?

ಹಾಕಬಹುದು. ಒಂದೇ ಹಿತಾಸಕ್ತಿಯುಳ್ಳ ಗ್ರಾಹಕರೆಲ್ಲರ ಪರವಾಗಿ ಕೆಲವರು ದೂರು ಕೊಡಲು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 35(1)(ಸಿ) ದಾರಿ ಕೊಡುತ್ತದೆ, ಆಯೋಗದ ಅನುಮತಿ ಬೇಕು. ‘ಒಂದೇ ಹಿತಾಸಕ್ತಿ’ ಎಂಬುದನ್ನು ದೂರಿನಲ್ಲೇ ಬಿಡಿಸಿ ತೋರಿಸಬೇಕು, ಇಲ್ಲವಾದರೆ ಅದು ನಿಲ್ಲುವುದಿಲ್ಲ ಎಂದು 2021ರ ಬ್ರಿಗೇಡ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲವೇ ಜನ ತಮ್ಮ ತಮ್ಮ ಪರವಾಗಿ ಸೇರಿ ಜಂಟಿ ದೂರು ಕೊಡುವುದಕ್ಕೂ ಅದೇ ತೀರ್ಪಿನಲ್ಲಿ ಅವಕಾಶವಿದೆ. ಕಂಟ್ರೋಲರ್ ವಿಷಯದಲ್ಲಿ ಒಬ್ಬರದು ಡ್ರಿಫ್ಟ್, ಇನ್ನೊಬ್ಬರದು ಬಟನ್, ಮತ್ತೊಬ್ಬರದು ವಾರಂಟಿ ಮುಗಿದ ಮಾಲು ಎಂದು ಬೆರೆತರೆ ಎಲ್ಲರ ಕೇಸೂ ಸಡಿಲವಾಗುತ್ತದೆ. ತಲಾ ಒಂದು ದೂರು, ಒಂದೇ ಮಾದರಿ, ಒಂದೇ ದಿನ ಸಲ್ಲಿಕೆ: ನಮ್ಮ ಮಟ್ಟಿಗೆ ಇದೇ ಒಳ್ಳೆಯ ದಾರಿ.

ಇಡೀ ಮಾದರಿಯಲ್ಲೇ ದೋಷವಿದೆ, ಜಾಹೀರಾತು ದಾರಿ ತಪ್ಪಿಸುತ್ತಿದೆ ಎಂದಾದರೆ ಕಲಂ 17ರಡಿ ಜಿಲ್ಲಾಧಿಕಾರಿಗೆ ಅಥವಾ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರೆಯಬಹುದು. ಅದು ಎಲ್ಲ ಗ್ರಾಹಕರ ಪರವಾದ ವಿಚಾರಣೆ. ನಿಮ್ಮ ದುಡ್ಡು ವಾಪಸ್ ಕೊಡಿಸುವುದು ಆಯೋಗವೇ.

ಮಗನಿಗೆ ಮಾವ ಕೊಡಿಸಿದ್ದು, ಬಿಲ್ಲು ಅವರ ಹೆಸರಿನಲ್ಲಿದೆ. ಯಾರು ದೂರು ಕೊಡಬೇಕು?

ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಅಪ್ರಾಪ್ತ ಮಕ್ಕಳ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಸಹಿ ಹಾಕಬೇಕು. ಮಾವನಿಂದ ‘ಉಡುಗೊರೆಯಾಗಿ ಕೊಟ್ಟಿದ್ದೇನೆ’ ಎಂಬ ಒಂದು ಪುಟದ ಪತ್ರ ಬರೆಸಿಕೊಳ್ಳಿ.

ಗೇಮಿಂಗ್ ಕೆಫೆ ನಡೆಸುತ್ತೇವೆ. ನಾವು ಗ್ರಾಹಕರೇ?

ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ನಡೆಸುವ ಸಣ್ಣ ಕೆಫೆಗೆ ಕಾಯ್ದೆಯಲ್ಲಿ ವಿನಾಯಿತಿಯಿದೆ. ಕಾಲೇಜಿನ ಪಕ್ಕ ನಾಲ್ಕು ಕನ್ಸೋಲ್ ಇಟ್ಟು ಒಬ್ಬರೇ ನೋಡಿಕೊಳ್ಳುವವರು ಇದರೊಳಗೆ ಬರಬಹುದು. ಸಂಬಳದ ಆಳುಗಳು, ಎರಡು ಮೂರು ಶಾಖೆಗಳಿದ್ದರೆ ಕಷ್ಟ. ‘ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ’ ಎಂಬ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅದನ್ನು ಮರೆತವರ ದೂರು ಹೊಸಿಲಲ್ಲೇ ಎಡವುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಲ್ಲಿಲ್ಲದೆ ತಂದೆವು. ಈಗೇನು ಮಾಡುವುದು?

ಕೇಸು ಸತ್ತಿಲ್ಲ, ಬಲ ಕಡಿಮೆ. ಯುಪಿಐ ಪಾವತಿ, ಅಂಗಡಿಯವರ ಜೊತೆಗಿನ ಸಂದೇಶ, ಬಾಕ್ಸ್ ಮೇಲೆ ಅವರು ಅಂಟಿಸಿದ ಚೀಟಿ ಎಲ್ಲವೂ ಖರೀದಿಗೆ ಪುರಾವೆ. ಬಿಲ್ಲು ಕೊಡದಿರುವುದೇ ಕಲಂ 2(47)ರಡಿ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳಿಲ್ಲದಿದ್ದರೆ 30 ದಿನದಲ್ಲಿ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಕಲಮಿನಲ್ಲಿದೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ಕಾನೂನಿಗಿಂತ ದೊಡ್ಡದಲ್ಲ.

ಆಮದಾದ ವಸ್ತುವಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಬೇಕೆಂಬುದು ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ನಿಯಮ. ಆ ಚೀಟಿ ಇಲ್ಲದ ಬಾಕ್ಸ್ ಎಂದರೆ ಅಡ್ಡದಾರಿಯಲ್ಲಿ ಬಂದ ಮಾಲಾಗಿರುವ ಸಾಧ್ಯತೆ ಹೆಚ್ಚು, ಕಂಪನಿಯ ಭಾರತೀಯ ವಾರಂಟಿ ಅದಕ್ಕೆ ಸಿಗುವುದಿಲ್ಲ. ಆಗ ಮಾರಿದ ಅಂಗಡಿಯೇ ಮುಖ್ಯ ಎದುರುದಾರ. ನಕಲಿ ಕಂಟ್ರೋಲರ್‌ಗಳೂ ಹೀಗೆಯೇ ಬರುತ್ತವೆ. ಕಂಪನಿಯ ಸಪೋರ್ಟ್‌ಗೆ ಸೀರಿಯಲ್ ನಂಬರ್ ಕೊಟ್ಟು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಆಯೋಗಕ್ಕೆ ಹೋಗುವ ಮುನ್ನ ಏನೇನು ಮಾಡಿರಬೇಕು?

ಸರ್ವಿಸ್ ಸೆಂಟರ್‌ಗೆ ಕೊಟ್ಟಾಗ ಜಾಬ್ ಶೀಟ್ (ರಿಪೇರಿಗೆ ಪಡೆದುಕೊಂಡ ಚೀಟಿ) ಇಲ್ಲದೆ ಹೊರಬರಬೇಡಿ. ಅದರಲ್ಲಿ ‘ಚೆಕ್ ಮಾಡಬೇಕು’ ಎಂದಷ್ಟೇ ಬರೆಯುವುದುಂಟು. ‘ಎಡ ಸ್ಟಿಕ್ ಮುಟ್ಟದೆ ಬಲಕ್ಕೆ ಎಳೆಯುತ್ತದೆ, ದೈಹಿಕ ಹಾನಿ ಇಲ್ಲ’ ಎಂದು ಬರೆಸಿ. ಆ ಕೊನೆಯ ಮೂರು ಪದ ಬಲು ಮುಖ್ಯ: ಕೊಡುವಾಗ ಚೆನ್ನಾಗಿದ್ದದ್ದು ವಾಪಸ್ ಬರುವಾಗ ‘ಬಿದ್ದ ಗುರುತಿದೆ’ ಎನಿಸಿಕೊಂಡು ಬರಬಾರದು. ಕೊಡುವ ಮುನ್ನ ಆರೂ ಕಡೆಯಿಂದ ಫೋಟೊ ತೆಗೆಯಿರಿ. ತಿಪಟೂರು, ಪಾವಗಡದಂಥ ಕಡೆಯಿಂದ ಕೊರಿಯರ್‌ನಲ್ಲಿ ಕಳಿಸುವವರು ಪ್ಯಾಕ್ ಮಾಡುವುದನ್ನೂ ವಿಡಿಯೊ ಮಾಡಲಿ. ಹೊಸ ಕಂಟ್ರೋಲರ್ ಬದಲಿಗೆ ಕೊಟ್ಟರೆ ಅದರ ಸೀರಿಯಲ್ ನಂಬರ್ ಜಾಬ್ ಶೀಟಿಗೆ ಸೇರಿಸಲಿ, ಇಲ್ಲವಾದರೆ ಎರಡನೇ ಸಲ ಕೆಟ್ಟಾಗ ಬಿಲ್ಲಿಗೂ ವಸ್ತುವಿಗೂ ತಾಳೆಯಾಗುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ್ಯಪ್‌ನ ಚಾಟ್‌ಗೆ ನಿಲ್ಲದೆ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಮುಂದಿನದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರನ್ನು ದಾಟಿಸಿ ಉತ್ತರ ತರಿಸುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಇಷ್ಟು ಸಣ್ಣ ವ್ಯಾಜ್ಯಗಳು ಇಲ್ಲೇ ಮುಗಿಯುವುದೂ ಉಂಟು, ಆದ್ದರಿಂದ ಈ ಹಂತ ಬಿಡಬೇಡಿ. ಅವರು ಕೊಡುವ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಕೊನೆಗೆ ನೋಟಿಸ್. ಕಾಯ್ದೆಯಲ್ಲಿ ಕಡ್ಡಾಯವಿಲ್ಲ, ಆದರೂ ಕೊಡಿ. ಒಂದು ಪುಟ ಸಾಕು: ಕೊಂಡ ದಿನ, ಬಿಲ್ಲಿನ ನಂಬರ್, ಬೆಲೆ, ಸೀರಿಯಲ್ ನಂಬರ್, ದೋಷ ಕಂಡ ದಿನ, ಜಾಬ್ ಶೀಟ್ ನಂಬರ್, ‘ಈ ನೋಟಿಸ್ ತಲುಪಿದ 15 ದಿನದೊಳಗೆ ಬದಲಿ ಕಂಟ್ರೋಲರ್ ಅಥವಾ ಪೂರ್ತಿ ಹಣ ಕೊಡದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ’ ಎಂಬ ಸಾಲು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ಟ್ರ್ಯಾಕಿಂಗ್ ಪುಟವನ್ನು ಅವತ್ತೇ ಪ್ರಿಂಟ್ ತೆಗೆದಿಡಿ. ಕೆಲವು ತಿಂಗಳಾದ ಮೇಲೆ ಆ ಮಾಹಿತಿ ಸಿಗದೆ ಹೋಗಬಹುದು.

ಕಂಪನಿ ಬೆಂಗಳೂರಿನಲ್ಲಿದೆ, ಅಂಗಡಿ ದೆಹಲಿಯದು. ತುಮಕೂರಿನಲ್ಲಿ ದೂರು ಕೊಡಬಹುದೇ?

ಖಂಡಿತ. ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆಯ ಬಹು ದೊಡ್ಡ ಅನುಕೂಲ, ಕಲಂ 34(2)(ಡಿ). ಪಾವಗಡ, ಮಧುಗಿರಿ, ಶಿರಾ, ಕುಣಿಗಲ್ ಎಲ್ಲಿಯವರಾದರೂ ತುಮಕೂರಿನ ಜಿಲ್ಲಾ ಆಯೋಗವೇ ಸಾಕು. ವಿಳಾಸಕ್ಕೆ ಆಧಾರ್ ಪ್ರತಿ ಲಗತ್ತಿಸಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ತನಕ ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದ ತನಕ ಶುಲ್ಕವೇ ಇಲ್ಲ.

ಎಷ್ಟು ದಿನದೊಳಗೆ?

ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷ, ಕಲಂ 69. ಆ ದಿನ ಯಾವುದು ಎಂಬುದರ ಮೇಲೇ ಜಗಳವಾಗುತ್ತದೆ. ಸುಮ್ಮನೆ ಪತ್ರ ಬರೆಯುತ್ತಾ ಹೋದರೆ ಅವಧಿ ಮುಂದಕ್ಕೆ ಹೋಗುವುದಿಲ್ಲ, ಸಹಾಯವಾಣಿಯಲ್ಲಿ ದೂರು ಬಾಕಿಯಿದೆ ಎಂದರೂ ಗಡಿಯಾರ ನಿಲ್ಲುವುದಿಲ್ಲ. ಕೊಂಡ ದಿನದಿಂದಲೇ 2 ವರ್ಷ ಎಣಿಸಿಕೊಂಡರೆ ಯಾವ ವಾದವೂ ನಿಮ್ಮನ್ನು ಮುಟ್ಟುವುದಿಲ್ಲ. ತಡವಾಗಿದ್ದರೆ ಸರಿಯಾದ ಕಾರಣ ಹೇಳಿ ವಿಳಂಬ ಮನ್ನಾ ಅರ್ಜಿಯನ್ನು ದೂರಿನ ಜೊತೆಯಲ್ಲೇ ಕೊಡಿ.

ದೂರು ಬರೆಯುವುದು, ಸಲ್ಲಿಸುವುದು ಹೇಗೆ?

ಎದುರುದಾರರನ್ನು ಸರಿಯಾಗಿ ಹೆಸರಿಸುವುದೇ ಅರ್ಧ ಕೆಲಸ. ಬ್ರ್ಯಾಂಡಿನ ಹೆಸರು ಕಂಪನಿಯ ಹೆಸರಲ್ಲ. ಬಾಕ್ಸ್ ಹಿಂಭಾಗದಲ್ಲಿ ಆಮದುದಾರ ಅಥವಾ ಮಾರಾಟ ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ವಿಳಾಸ ಇರುತ್ತದೆ, ಅದನ್ನೇ ಅಕ್ಷರ ಬಿಡದೆ ಬರೆಯಿರಿ. ಮಾರಿದವರು ಒಂದನೇ ಎದುರುದಾರ, ಕಂಪನಿ ಅಥವಾ ಆಮದುದಾರ ಎರಡನೆಯವರು, ಸರ್ವಿಸ್ ಸೆಂಟರ್ ಮೂರನೆಯವರು. ಆನ್‌ಲೈನ್ ಆದರೆ ಬಿಲ್ಲಿನಲ್ಲಿರುವ ಮಾರಾಟಗಾರರ ಜೊತೆ ಆ ತಾಣ ನಡೆಸುವ ಕಂಪನಿಯನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರ ಮೇಲೆ ಹಾಕುತ್ತಾರೆ.

ದೂರು ನಾಲ್ಕೈದು ಪುಟ ಮೀರಬೇಕಿಲ್ಲ. ಘಟನೆಗಳನ್ನು ತಾರೀಖಿನ ಕ್ರಮದಲ್ಲಿ, ಅಂಕಿ ಹಾಕಿದ ಪ್ಯಾರಾಗಳಲ್ಲಿ ಬರೆಯಿರಿ. ಪ್ರತಿ ಪ್ಯಾರಾದ ಕೊನೆಯಲ್ಲಿ ಅದನ್ನು ತೋರಿಸುವ ದಾಖಲೆಯ ನಂಬರ್. ಕೋರುವ ಪರಿಹಾರ ಕೊನೆಯಲ್ಲಿ. ಜೊತೆಗೆ ನೋಟರಿ ಮಾಡಿಸಿದ ಅಫಿಡವಿಟ್, ದಾಖಲೆಗಳ ಪಟ್ಟಿ, ಪುಟ ಸಂಖ್ಯೆ. ನೇರವಾಗಿ ಕೊಡುವುದಾದರೆ ಆಯೋಗಕ್ಕೆ 3 ಸೆಟ್, ಎದುರುದಾರರಿಗೆ ತಲಾ 1, ನಿಮಗೆ 1 ಎಂದು ಲೆಕ್ಕ ಹಾಕಿ. ಮನೆಯಿಂದಲೇ ಸಲ್ಲಿಸಲು 1 ಜನವರಿ 2025ರಿಂದ ಇ-ಜಾಗೃತಿ ಪೋರ್ಟಲ್ ಇದೆ, ಹಿಂದಿನ ಇ-ದಾಖಿಲ್ ಅದರೊಳಗೇ ಸೇರಿದೆ. ಸ್ಕ್ಯಾನ್ ಮಸುಕಾಗಿದ್ದರೆ, ಸಹಿ ಬಿಟ್ಟಿದ್ದರೆ ತಿದ್ದಲು ವಾಪಸ್ ಬರುತ್ತದೆ. ಹಾಗಾಗಿ ಸಲ್ಲಿಸಿದ ಮೇಲೂ ಪೋರ್ಟಲ್ ನೋಡುತ್ತಿರಿ.

ವಕೀಲರು ಬೇಕೇ ಬೇಕೆ?

ಬೇಡ, ಖುದ್ದಾಗಿ ವಾದಿಸಬಹುದು. ಬೇಕೆನಿಸಿದರೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ದೂರು ಕೊಟ್ಟ ಮೇಲೆ ಏನಾಗುತ್ತದೆ?

ದೂರನ್ನು ಅಂಗೀಕರಿಸಬೇಕೋ ಬೇಡವೋ ಎಂಬುದು ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನವಾಗಬೇಕು. ನೋಟಿಸ್ ಪಡೆದ ಎದುರುದಾರರು 30 ದಿನದಲ್ಲಿ ತಕರಾರು ಸಲ್ಲಿಸಬೇಕು, ಹೆಚ್ಚೆಂದರೆ ಇನ್ನೂ 15 ದಿನ. 45 ದಿನ ದಾಟಿದರೆ ಒಂದು ದಿನವನ್ನೂ ವಿಸ್ತರಿಸುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ. ನೋಟಿಸ್ ತಲುಪಿದ ದಿನ ಬರೆದಿಟ್ಟುಕೊಂಡು 46ನೇ ದಿನ ಆಯೋಗದ ಗಮನಕ್ಕೆ ತನ್ನಿ.

ಪರೀಕ್ಷೆ ಬೇಕಿಲ್ಲದ ದೂರಿಗೆ 3 ತಿಂಗಳು, ಪರೀಕ್ಷೆ ಬೇಕಾದದ್ದಕ್ಕೆ 5 ತಿಂಗಳು ಎಂಬುದು ಕಾಯ್ದೆಯ ಗುರಿ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಆ ತಯಾರಿ ಇರಲಿ. ದೂರದ ಊರಿನವರು ವಿಡಿಯೊ ಕಾನ್ಫರೆನ್ಸ್ ವಿಚಾರಣೆಗೆ ಅರ್ಜಿ ಹಾಕಬಹುದು. ನಡುವೆ ಎರಡೂ ಕಡೆಯವರು ಒಪ್ಪಿದರೆ ರಾಜಿ ಮಾಡಿಸುವ ಮಧ್ಯಸ್ಥಿಕೆಗೆ (ಮೀಡಿಯೇಷನ್) ಕಳಿಸುತ್ತಾರೆ. ಕಂಪನಿ ಹೊಸ ಕಂಟ್ರೋಲರ್ ಮತ್ತು ಖರ್ಚು ಕೊಡಲು ಮುಂದಾದರೆ ಅಲ್ಲೇ ಮುಗಿಸುವುದು ಒಳ್ಳೆಯದು. ಸೀಲ್ ಒಡೆಯದ ಹೊಸ ಪೀಸ್, ಹೊಸ ವಾರಂಟಿ ಎಂದು ಬರಹದಲ್ಲಿ ಇರಲಿ.

ಲ್ಯಾಬ್ ಪರೀಕ್ಷೆ ಬೇಕೆಂದರೆ?

ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗ ವಸ್ತುವನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ವರದಿಗೆ 45 ದಿನ. ಅದರ ಶುಲ್ಕ ಮೊದಲು ದೂರುದಾರರೇ ಕಟ್ಟಬೇಕು. ಶುಲ್ಕ ಕಂಟ್ರೋಲರ್ ಬೆಲೆಯನ್ನೇ ಮೀರಿದರೆ ಕೇಸು ಅರ್ಥ ಕಳೆದುಕೊಳ್ಳುತ್ತದೆ. ಡ್ರಿಫ್ಟ್‌ನ ಒಳ್ಳೆಯ ಅಂಶವೆಂದರೆ ಅದು ಎದುರಿಗೇ ಕಾಣುತ್ತದೆ. ‘ಲ್ಯಾಪ್‌ಟಾಪ್‌ಗೆ ಜೋಡಿಸಿ ಆಯೋಗದ ಮುಂದೆಯೇ ತೋರಿಸಲು ಅನುಮತಿ ಕೊಡಿ’ ಎಂದು ಅರ್ಜಿ ಹಾಕಿ. ಎಲೆಕ್ಟ್ರಾನಿಕ್ಸ್ ಓದಿದವರೊಬ್ಬರಿಂದ ಬಿಚ್ಚದೆ ಮಾಡಿದ ಪರೀಕ್ಷೆಯ ವರದಿ, ಅವರ ಅಫಿಡವಿಟ್‌ನೊಂದಿಗೆ ಕೊಟ್ಟರೆ ಇನ್ನೂ ಗಟ್ಟಿ.

ಎಷ್ಟು ಪರಿಹಾರ ಕೇಳಬೇಕು?

ಬೆಲೆ ವಾಪಸ್ ಅಥವಾ ಹೊಸದು, ಕೊಂಡ ದಿನದಿಂದ ಬಡ್ಡಿ, ಓಡಾಟ ಮತ್ತು ಮಾನಸಿಕ ಕಿರಿಕಿರಿಗೆ ಒಂದು ಮೊತ್ತ, ದೂರಿನ ಖರ್ಚು. ಆರು ಸಾವಿರದ ವಸ್ತುವಿಗೆ ಐದು ಲಕ್ಷ ಕೇಳಿದರೆ ದೂರಿನ ತೂಕವೇ ಇಳಿಯುತ್ತದೆ. ಬಸ್ ಟಿಕೆಟ್, ಕೊರಿಯರ್ ರಸೀದಿ, ರಜೆ ಹಾಕಿದ ದಿನದ ಲೆಕ್ಕ ಇಟ್ಟು ಅದರ ಮೇಲೆ ಕೇಳಿದ ಹತ್ತು ಸಾವಿರಕ್ಕೆ ಬೆಲೆ ಹೆಚ್ಚು.

ಚಾರ್ಜ್ ಮಾಡುವಾಗ ಕಂಟ್ರೋಲರ್ ಬ್ಯಾಟರಿ ಉಬ್ಬಿ ಕೈ ಸುಟ್ಟರೆ?

ಅದು ಬೇರೆ ಬಾಬತ್ತು: ಉತ್ಪನ್ನ ಹೊಣೆಗಾರಿಕೆ, ಕಲಂ 82ರಿಂದ 87. ದೇಹಕ್ಕೆ ಅಥವಾ ಬೇರೆ ಆಸ್ತಿಗೆ ಆದ ಹಾನಿಗೆ ಮಾತ್ರ ಅದು ಅನ್ವಯಿಸುತ್ತದೆ. ಕಂಟ್ರೋಲರ್ ತಾನೇ ಕೆಟ್ಟದ್ದು ಅಲ್ಲಿನ ‘ಹಾನಿ’ಯೊಳಗೆ ಬರುವುದಿಲ್ಲ. ಡ್ರಿಫ್ಟ್ ದೂರಿನಲ್ಲಿ ಈ ಕಲಂಗಳನ್ನು ತುರುಕುವುದು ಸಾಮಾನ್ಯ ತಪ್ಪು. ಸುಟ್ಟಿದ್ದರೆ ಆಸ್ಪತ್ರೆಯ ಚೀಟಿ ಮಾಡಿಸಿ, ಬ್ಯಾಟರಿಯನ್ನು ಚುಚ್ಚದೆ, ಮತ್ತೆ ಚಾರ್ಜಿಗೆ ಹಾಕದೆ, ಬೆಂಕಿ ತಗಲುವ ವಸ್ತುಗಳಿಂದ ದೂರವಿಡಿ.

ಆದೇಶ ನಮ್ಮ ಪರವಾಗಿ ಬಂತು, ಕಂಪನಿ ಹಣ ಕೊಡುತ್ತಿಲ್ಲ. ಮುಂದೇನು?

ಅವರಿಗೆ ಮೇಲ್ಮನವಿಗೆ 45 ದಿನವಿದೆ. ರಾಜ್ಯ ಆಯೋಗಕ್ಕೆ ಹೋಗಬೇಕಾದರೆ ಆದೇಶದ ಮೊತ್ತದ ಶೇ 50 ಮೊದಲು ಠೇವಣಿ ಇಡಬೇಕು. ಅವಧಿ ಮುಗಿದರೂ ಹಣ ಬಾರದಿದ್ದರೆ ಅದೇ ಜಿಲ್ಲಾ ಆಯೋಗದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸುವ ಅರ್ಜಿ, ಹಾಕಿ. ಕಲಂ 71ರಡಿ ಸಿವಿಲ್ ಡಿಕ್ರಿಯಂತೆ ವಸೂಲಿ ಮಾಡಿಸಬಹುದು. ಕಲಂ 72ರಡಿ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆಯಿಲ್ಲದೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿಯ ಜೊತೆ ಆದೇಶದ ದೃಢೀಕೃತ ಪ್ರತಿ, ನಿಮ್ಮ ಬ್ಯಾಂಕ್ ಖಾತೆಯ ವಿವರ, ಆ ದಿನದವರೆಗಿನ ಬಡ್ಡಿ ಲೆಕ್ಕ ಇರಲಿ. ಬದಲಿ ಕೊಡಿ ಎಂಬ ಆದೇಶವಾಗಿದ್ದರೆ ಹಳೆಯ ಕಂಟ್ರೋಲರನ್ನು ಬಾಕ್ಸ್ ಸಮೇತ ತೆಗೆದಿಟ್ಟಿರಿ. ಹೊಸದು ಕೈಗೆ ಬಂದ ದಿನವೇ ಅದನ್ನು ಸಹಿ ಪಡೆದು ಒಪ್ಪಿಸಬೇಕಾಗುತ್ತದೆ.